ಸ್ತನ ಕ್ಯಾನ್ಸರಿನಲ್ಲಿ ರೋಗರಕ್ಷಣಾ ಪ್ರೋಟೀನುಗಳು: ಸೂಚಕಗಳ ಅರ್ಥ ಮತ್ತು ಮಿತಿ

ಪೀಠಿಕೆ

ಸ್ತನದಲ್ಲಿ ಕಾಣಿಸಿಕೊಂಡ ಗಂತಿಯಿಂದ ಸೂಜಿಯ ಮೂಲಕ ತೆಗೆದ ಅಂಗಾಂಶದ ಚೂರು ಪ್ರಯೋಗಾಲಯಕ್ಕೆ ಹೋಗಿ, ಕೆಲವು ದಿನಗಳ ಅನಂತರ ಒಂದೆರಡು ಪುಟಗಳ ವರದಿಯಾಗಿ ರೋಗಿಯ ಕೈ ಸೇರುತ್ತದೆ. ಕೆಲವರ ವರದಿಯಲ್ಲಿ ಮೂರು ಹೆಸರುಗಳ ಮುಂದೆ ‘ನೆಗೆಟಿವ್’ ಎಂದೂ ನಾಲ್ಕನೆಯದರ ಮುಂದೆ ‘ಪಾಸಿಟಿವ್’ ಎಂದೂ ನಮೂದಾಗಿರುತ್ತದೆ. ಸೋಂಕುರೋಗಗಳ ಪರೀಕ್ಷೆಗೆ ಒಗ್ಗಿಹೋಗಿರುವ ನಮಗೆ ‘ನೆಗೆಟಿವ್’ ಎಂದರೆ ನೆಮ್ಮದಿ, ‘ಪಾಸಿಟಿವ್’ ಎಂದರೆ ಆತಂಕ. ಆದರೆ ಇಂಥ ವರದಿಯಲ್ಲಿ ಮೂರು ‘ನೆಗೆಟಿವ್’ಗಳು ಕೂಡಿ ಸ್ತನ ಕ್ಯಾನ್ಸರಿನ ಉಗ್ರವಾದೊಂದು ಬಗೆಯನ್ನು ಹೆಸರಿಸುತ್ತವೆ, ನಾಲ್ಕನೆಯದಾದ ‘ಪಾಸಿಟಿವ್’ ಹಲವು ವೇಳೆ ಭರವಸೆಯ ಸೂಚನೆಯಾಗಿರುತ್ತದೆ. ವರದಿಯನ್ನು ಹಿಡಿದು ಕುಳಿತ ಮನೆಯವರು ಕೇಳುವ ಪ್ರಶ್ನೆ ಸರಳವಾದುದು: ಇದು ಒಳ್ಳೆಯದೋ, ಕೆಟ್ಟದ್ದೋ? ಉತ್ತರ ಅಷ್ಟು ಸರಳವಲ್ಲ.

ಆ ನಾಲ್ಕನೆಯ ಹೆಸರು ಸಾಮಾನ್ಯವಾಗಿ ಪಿಡಿ-ಎಲ್1 ಎಂಬ ಪ್ರೋಟೀನಿನದು. ರೋಗರಕ್ಷಣಾ ವ್ಯವಸ್ಥೆಗೆ ಕಡಿವಾಣ ಹಾಕುವುದು ಇದರ ಕೆಲಸ. ದೇಹದ ರಕ್ಷಕರನ್ನು ತಡೆಯುವ ಪ್ರೋಟೀನು ಕ್ಯಾನ್ಸರ್ ಗಂತಿಯಲ್ಲಿ ಹೆಚ್ಚಾಗಿದ್ದರೆ ರೋಗಿಗೆ ಕೆಡುಕಾಗಬೇಕು ಎಂಬುದು ಸಹಜ ತರ್ಕ. ಸ್ತನ ಕ್ಯಾನ್ಸರಿನ ಈ ಬಗೆಯಲ್ಲಿ ಮಾತ್ರ ಅದು ಅನೇಕ ಅಧ್ಯಯನಗಳಲ್ಲಿ ಉತ್ತಮ ಫಲಿತಾಂಶದ ಜೊತೆಗೇ ಕಾಣಿಸಿಕೊಂಡಿದೆ. ಈ ವಿರೋಧಾಭಾಸ ಏಕೆ ಹುಟ್ಟಿತು, ಇಂಥ ಸೂಚಕಗಳಿಂದ ನಿಶ್ಚಯವಾಗಿ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂರು ಗ್ರಾಹಕಗಳ ಅಭಾವ

ಸ್ತನ ಕ್ಯಾನ್ಸರ್ ಒಂದೇ ರೋಗವಲ್ಲ. ಒಂದೇ ಅಂಗದಲ್ಲಿ ಹುಟ್ಟುವ ಹಲವು ರೋಗಗಳ ಸಮೂಹ. ಅವುಗಳನ್ನು ವಿಂಗಡಿಸಲು ಮುಖ್ಯವಾಗಿ ಮೂರು ಪ್ರೋಟೀನುಗಳನ್ನು ಪರೀಕ್ಷಿಸುತ್ತಾರೆ. ಈಸ್ಟ್ರೋಜನ್ ಗ್ರಾಹಕ ಮತ್ತು ಪ್ರೊಜೆಸ್ಟರಾನ್ ಗ್ರಾಹಕಗಳು ಹಾರ್ಮೋನುಗಳ ಸಂದೇಶವನ್ನು ಜೀವಕೋಶಕ್ಕೆ ತಲುಪಿಸುತ್ತವೆ. ಮೂರನೆಯದಾದ ಹರ್-2 ಜೀವಕೋಶದ ಮೇಲ್ಮೈಯಲ್ಲಿದ್ದು ಬೆಳವಣಿಗೆಗೆ ಪ್ರಚೋದನೆ ನೀಡುತ್ತದೆ. ಹಾರ್ಮೋನ್ ಗ್ರಾಹಕಗಳಿರುವ ಗಂತಿಗೆ ಟಮಾಕ್ಸಿಫೆನ್‌ನಂತಹ ಔಷಧಗಳಿವೆ. ಹರ್-2 ಹೆಚ್ಚಾಗಿರುವ ಗಂತಿಗೆ ಟ್ರಾಸ್ಟುಜುಮಾಬ್ ಮೊದಲಾದ ಪ್ರತಿಕಾಯಗಳಿವೆ. ಈ ಮೂರೂ ಇಲ್ಲದ ಗಂತಿಗೆ ‘ಟ್ರಿಪಲ್ ನೆಗೆಟಿವ್’ ಎಂಬ ಹೆಸರು ಬಂದಿದೆ. ಕನ್ನಡದಲ್ಲಿ ಇದನ್ನು ತ್ರಿಗ್ರಾಹಕರಹಿತ ಸ್ತನ ಕ್ಯಾನ್ಸರ್ ಎನ್ನಬಹುದು. ಗುರಿಯಿಟ್ಟು ಹೊಡೆಯಲು ಬೇಕಾದ ಮೂರು ಗುರುತುಗಳೂ ಇಲ್ಲದ ಕಾರಣ ಬಹುಕಾಲ ಕೀಮೋಥೆರಪಿಯೊಂದೇ ಇದಕ್ಕೆ ಔಷಧವಾಗಿತ್ತು.

ಈ ಬಗೆಯ ಗಂತಿಗಳು ಶೀಘ್ರವಾಗಿ ಬೆಳೆಯುತ್ತವೆ. ಇತರ ಬಗೆಗಳಿಗೆ ಹೋಲಿಸಿದರೆ ಕಿರಿಯ ವಯಸ್ಸಿನ ಮಹಿಳೆಯರಲ್ಲಿಯೂ, ಬಿಆರ್‌ಸಿಎ-1 ಜೀನಿನಲ್ಲಿ ಅನುವಂಶಿಕ ದೋಷವಿರುವವರಲ್ಲಿಯೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಚಿಕಿತ್ಸೆಯ ಅನಂತರ ರೋಗ ಮರುಕಳಿಸುವುದಿದ್ದರೆ ಬಹುಮಟ್ಟಿಗೆ ಮೊದಲ ಮೂರು ವರ್ಷಗಳಲ್ಲಿಯೇ ಮರುಕಳಿಸುತ್ತದೆ; ಐದು ವರ್ಷ ಕಳೆದ ಮೇಲೆ ಆ ಭಯ ಗಣನೀಯವಾಗಿ ಕುಗ್ಗುತ್ತದೆ. ಮರಳಿ ಬಂದಾಗ ಶ್ವಾಸಕೋಶ, ಯಕೃತ್ತು, ಮಿದುಳುಗಳಂತಹ ಮುಖ್ಯ ಅಂಗಗಳಲ್ಲಿ ನೆಲೆಯೂರುವ ಪ್ರವೃತ್ತಿ ಇದಕ್ಕಿದೆ.

ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಅದೇ ವರ್ಷ ಸುಮಾರು 98,000 ಮಂದಿ ಇದರಿಂದ ಮೃತಪಟ್ಟರು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯ ದಾಖಲೆಗಳೂ ಇದೇ ದಿಕ್ಕನ್ನು ತೋರುತ್ತವೆ. ಒಂದು ಕಾಲದಲ್ಲಿ ನಗರದ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರಿಗಿದ್ದ ಮೊದಲ ಸ್ಥಾನವನ್ನು ಸ್ತನ ಕ್ಯಾನ್ಸರ್ ಆಕ್ರಮಿಸಿದೆ. ಪಾಶ್ಚಾತ್ಯ ದೇಶಗಳ ಸ್ತನ ಕ್ಯಾನ್ಸರುಗಳಲ್ಲಿ ಶೇ. 10ರಿಂದ 15ರಷ್ಟು ಮಾತ್ರ ತ್ರಿಗ್ರಾಹಕರಹಿತವಾದರೆ, ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳಲ್ಲಿ ಈ ಪ್ರಮಾಣ ಶೇ. 30ರ ಆಸುಪಾಸಿನಲ್ಲಿದೆ. ಆದ್ದರಿಂದ ಈ ವಿಷಯ ನಮ್ಮ ಮಟ್ಟಿಗೆ ಕೇವಲ ಶಾಸ್ತ್ರೀಯ ಕುತೂಹಲದ್ದಲ್ಲ.

ಗಂತಿ ಮತ್ತು ಕಾವಲು

ದೇಹದಲ್ಲಿ ಹುಟ್ಟುವ ಅಸಹಜ ಕೋಶಗಳನ್ನು ರೋಗರಕ್ಷಣಾ ವ್ಯವಸ್ಥೆಯು ನಿರಂತರವಾಗಿ ಹತ್ತಿಕ್ಕುತ್ತಿರಬಹುದು ಎಂಬ ಊಹೆಯನ್ನು ಜರ್ಮನಿಯ ಪಾಲ್ ಎಹ್ರ್ಲಿಖ್ 1909ರಷ್ಟು ಹಿಂದೆಯೇ ಮುಂದಿಟ್ಟಿದ್ದರು. ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಅಮೆರಿಕದ ಲೂಯಿಸ್ ಥಾಮಸ್ 1950ರ ದಶಕದ ಉತ್ತರಾರ್ಧದಲ್ಲಿ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ದೀರ್ಘಕಾಲ ವಿವಾದಕ್ಕೊಳಗಾಗಿದ್ದ ಈ ವಿಚಾರವನ್ನು ರಾಬರ್ಟ್ ಶ್ರೈಬರ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪರಿಷ್ಕರಿಸಿ ಮೂರು ಹಂತಗಳ ಚಿತ್ರವೊಂದನ್ನು ನೀಡಿದರು. ಮೊದಲ ಹಂತದಲ್ಲಿ ರಕ್ಷಣಾ ಕೋಶಗಳು ಕ್ಯಾನ್ಸರ್ ಕೋಶಗಳನ್ನು ನಿರ್ಮೂಲ ಮಾಡುತ್ತವೆ. ಎರಡನೆಯದರಲ್ಲಿ ಅಳಿದುಳಿದ ಕೋಶಗಳೊಡನೆ ಸಮತೋಲ ಏರ್ಪಡುತ್ತದೆ. ಮೂರನೆಯದರಲ್ಲಿ, ರಕ್ಷಣೆಯಿಂದ ನುಣುಚಿಕೊಳ್ಳಬಲ್ಲ ಕೋಶಗಳು ಮಾತ್ರ ಉಳಿದು ಗಂತಿಯಾಗಿ ಬೆಳೆಯುತ್ತವೆ. ಕಣ್ಣಿಗೆ ಕಾಣುವಷ್ಟು ದೊಡ್ಡದಾದ ಪ್ರತಿಯೊಂದು ಗಂತಿಯೂ ಒಂದು ಅರ್ಥದಲ್ಲಿ ಕಾವಲನ್ನು ವಂಚಿಸಿ ಬಂದದ್ದೇ ಆಗಿದೆ.

ಈ ಕಾವಲಿನ ಮುಖ್ಯ ಭಟರು ಟಿ-ದುಗ್ಧಕೋಶಗಳು. ಪ್ರತಿಯೊಂದು ಜೀವಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಮೇಲ್ಮೈಯಲ್ಲಿ ಪ್ರದರ್ಶಿಸುತ್ತಿರುತ್ತದೆ. ಜೀನುಗಳು ಕೆಟ್ಟ ಕೋಶದಲ್ಲಿ ಅಪರಿಚಿತ ಚೂರುಗಳು ಕಾಣಿಸಿಕೊಳ್ಳುತ್ತವೆ. ಸಿಡಿ8 ಎಂಬ ಗುರುತುಳ್ಳ ಟಿ-ಕೋಶಗಳು ಅವನ್ನು ಗುರುತಿಸಿ ಆ ಕೋಶವನ್ನು ಕೊಲ್ಲಬಲ್ಲವು. ತ್ರಿಗ್ರಾಹಕರಹಿತ ಗಂತಿಗಳಲ್ಲಿ ಜೀನುಗಳ ಅಸ್ಥಿರತೆ ಹೆಚ್ಚು. ಆದಕಾರಣ ಅಪರಿಚಿತ ಚೂರುಗಳು ದೊರೆಯುವ ಸಂಭವವೂ ಹೆಚ್ಚು. ಸ್ತನ ಕ್ಯಾನ್ಸರಿನ ಬೇರೆ ಬಗೆಗಳಿಗಿಂತ ಇದರಲ್ಲಿ ರೋಗರಕ್ಷಣೆಯ ಚಟುವಟಿಕೆ ಎದ್ದುಕಾಣಲು ಇದೊಂದು ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಕಡಿವಾಣದ ಪ್ರೋಟೀನು

ಕೊಲ್ಲಬಲ್ಲ ಕೋಶಗಳಿಗೆ ಮಿತಿಯಿಲ್ಲದಿದ್ದರೆ ದೇಹವೇ ಅವಕ್ಕೆ ತುತ್ತಾದೀತು. ಸೋಂಕು ಅಡಗಿದ ಮೇಲೆ ಯುದ್ಧ ನಿಲ್ಲಬೇಕು. ಆರೋಗ್ಯವಂತ ಅಂಗಾಂಶದ ಮೇಲೆ ದಾಳಿ ನಡೆಯಬಾರದು. ಇದಕ್ಕಾಗಿ ಪ್ರಕೃತಿ ಹಲವು ತಡೆಗಳನ್ನು ಇರಿಸಿದೆ. ಅವುಗಳಲ್ಲಿ ಒಂದಾದ ಪಿಡಿ-1 ಪ್ರೋಟೀನನ್ನು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ತಸುಕು ಹೊಂಜೊ ಅವರ ಪ್ರಯೋಗಾಲಯ 1992ರಲ್ಲಿ ಗುರುತಿಸಿತು. ಅದರ ಕೆಲಸವೇನೆಂಬುದು ಆಗ ಸ್ಪಷ್ಟವಿರಲಿಲ್ಲ. ಪಿಡಿ-1 ಜೀನನ್ನು ತೆಗೆದುಹಾಕಿದ ಇಲಿಗಳಲ್ಲಿ ದೇಹವು ತನ್ನ ಮೇಲೆಯೇ ದಾಳಿ ಮಾಡಿಕೊಳ್ಳುವ ರೋಗ ಕಾಣಿಸಿಕೊಂಡಾಗ, 1999ರಲ್ಲಿ, ಇದು ಟಿ-ಕೋಶದ ಮೇಲಿರುವ ತಡೆ ಎಂಬುದು ತಿಳಿಯಿತು. ಆ ತಡೆಯನ್ನು ಒತ್ತುವ ಜೊತೆಗಾರ ಪ್ರೋಟೀನನ್ನು ಅಮೆರಿಕದಲ್ಲಿ ಲೀಪಿಂಗ್ ಚೆನ್ ಅವರು 1999ರಲ್ಲಿ ಬೇರೊಂದು ಹೆಸರಿನಲ್ಲಿ ವರ್ಣಿಸಿದ್ದರು. ಪಿಡಿ-1ಕ್ಕೆ ಅಂಟಿಕೊಳ್ಳುವುದು ಇದೇ ಎಂದು ಗಾರ್ಡನ್ ಫ್ರೀಮನ್, ಹೊಂಜೊ ಮೊದಲಾದವರು 2000ದಲ್ಲಿ ತೋರಿಸಿದ ಮೇಲೆ ಪಿಡಿ-ಎಲ್1 ಎಂಬ ಹೆಸರು ನೆಲೆಗೊಂಡಿತು. ಇಂಥದೇ ಮತ್ತೊಂದು ತಡೆಯನ್ನು ಕುರಿತು ಸಂಶೋಧನೆ ನಡೆಸಿದ್ದ ಜೇಮ್ಸ್ ಆಲಿಸನ್ ಅವರೊಡನೆ ಹೊಂಜೊ 2018ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಇನ್ನು ವಿರೋಧಾಭಾಸದ ಪ್ರಶ್ನೆ. ಟಿ-ಕೋಶಗಳು ಗಂತಿಯೊಳಗೆ ನುಗ್ಗಿ ಶತ್ರುವನ್ನು ಗುರುತಿಸಿದಾಗ ಗಾಮಾ ಇಂಟರ್‌ಫೆರಾನ್ ಎಂಬ ರಾಸಾಯನಿಕ ಸಂದೇಶವನ್ನು ಸುರಿಸುತ್ತವೆ. ಈ ಸಂದೇಶ ತಲುಪಿದ ಕ್ಯಾನ್ಸರ್ ಕೋಶಗಳೂ ನೆರೆಯ ರಕ್ಷಣಾ ಕೋಶಗಳೂ ತಮ್ಮ ಮೇಲ್ಮೈಯಲ್ಲಿ ಪಿಡಿ-ಎಲ್1ನ್ನು ಹೆಚ್ಚಿಸುತ್ತವೆ. ಅಂದರೆ ಬಹುಪಾಲು ಸಂದರ್ಭಗಳಲ್ಲಿ ಪಿಡಿ-ಎಲ್1 ಕಾಣಿಸಿಕೊಳ್ಳುವುದು ದಾಳಿಗೆ ಉತ್ತರವಾಗಿ. ಮನೆಯೊಳಗೆ ಅವಿತ ಕಳ್ಳ ಬಾಗಿಲಿಗೆ ಅಗುಳಿ ಹಾಕಿಕೊಂಡಿದ್ದಾನೆಂದರೆ, ಹೊರಗೆ ಕಾವಲಿನವರು ಬಂದು ನಿಂತಿದ್ದಾರೆ ಎಂದೇ ಅರ್ಥ. ಅಗುಳಿ ಅವರನ್ನು ತಡೆಯುತ್ತದೆ, ನಿಜ. ಆದರೆ ಅವರು ಬಂದಿರುವುದಕ್ಕೆ ಸಾಕ್ಷಿಯೂ ಅದೇ ಆಗುತ್ತದೆ. ಅಗುಳಿಯೇ ಇಲ್ಲದ ಬಾಗಿಲಿನ ಮುಂದೆ ಅನೇಕ ವೇಳೆ ಯಾರೂ ಇರುವುದಿಲ್ಲ. ಪಿಡಿ-ಎಲ್1 ಇರುವ ತ್ರಿಗ್ರಾಹಕರಹಿತ ಗಂತಿಗಳ ರೋಗಿಗಳು ಹಲವು ಅಧ್ಯಯನಗಳಲ್ಲಿ ಹೆಚ್ಚು ಕಾಲ ಬದುಕಿರುವುದು ಆ ಪ್ರೋಟೀನಿನ ಉಪಕಾರದಿಂದಲ್ಲ, ಅದು ಸೂಚಿಸುವ ಟಿ-ಕೋಶಗಳ ಉಪಸ್ಥಿತಿಯಿಂದ ಎಂಬ ವಿವರಣೆ ಇಂದು ವ್ಯಾಪಕವಾಗಿ ಮಾನ್ಯವಾಗಿದೆ.

ಗಂತಿಯೊಳಗಿನ ದುಗ್ಧಕೋಶಗಳು

ಹಾಗಾದರೆ ಅಗುಳಿಯನ್ನು ಎಣಿಸುವ ಬದಲು ಕಾವಲಿನವರನ್ನೇ ಎಣಿಸಬಾರದೇಕೆ? ಈ ಮಾರ್ಗಕ್ಕೂ ದೀರ್ಘ ಇತಿಹಾಸವಿದೆ. ಸ್ತನದ ಮೆಡುಲರಿ ಕಾರ್ಸಿನೋಮ ಎಂಬ ಗಂತಿಯ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಅತ್ಯಂತ ವಿಕಾರವಾಗಿ ಕಾಣುತ್ತವೆ; ಆದರೂ ಅದರ ರೋಗಿಗಳು ನಿರೀಕ್ಷೆಗಿಂತ ಚೆನ್ನಾಗಿ ಬದುಕುತ್ತಾರೆಂದು 1949ರಲ್ಲಿಯೇ ಮೂರ್ ಮತ್ತು ಫುಟ್ ಎಂಬ ಅಮೆರಿಕದ ವೈದ್ಯರು ವರದಿ ಮಾಡಿದ್ದರು. ಆ ಗಂತಿಗಳ ಸುತ್ತಲೂ ಒಳಗೂ ದುಗ್ಧಕೋಶಗಳು ದಟ್ಟವಾಗಿ ಕವಿದಿರುವುದು ಅವುಗಳ ಒಂದು ಮುಖ್ಯ ಲಕ್ಷಣ.

ಇಂದು ಗಂತಿಯ ಕೋಶಗಳ ನಡುವಿನ ಪೋಷಕ ಅಂಗಾಂಶದಲ್ಲಿ ಎಷ್ಟು ಭಾಗವನ್ನು ದುಗ್ಧಕೋಶಗಳು ವ್ಯಾಪಿಸಿವೆ ಎಂಬುದನ್ನು ಶೇಕಡಾವಾರು ಅಳೆಯುತ್ತಾರೆ. ಇದಕ್ಕೆ ಅಂತಾರಾಷ್ಟ್ರೀಯ ತಜ್ಞರ ಗುಂಪೊಂದು 2014ರಲ್ಲಿ ಏಕರೂಪದ ಮಾರ್ಗಸೂಚಿಯನ್ನು ರೂಪಿಸಿತು. ಗಮನಾರ್ಹ ಸಂಗತಿಯೆಂದರೆ, ಇದಕ್ಕೆ ದುಬಾರಿ ಪ್ರತಿಕಾಯಗಳ ಅಗತ್ಯವಿಲ್ಲ. ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ, ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಬಳಕೆಯಲ್ಲಿರುವ ಬಣ್ಣಗಳನ್ನು ಹಾಕಿದ ಸಾಮಾನ್ಯ ಗಾಜಿನ ಫಲಕವೇ ಸಾಕು. ರೋಗನಿರ್ಣಯಕ್ಕಾಗಿ ಹೇಗೂ ತಯಾರಿಸುವ ಆ ಫಲಕವನ್ನು ತರಬೇತಿ ಪಡೆದ ಪೆಥಾಲಜಿಸ್ಟ್ ಇನ್ನೊಂದಿಷ್ಟು ಹೊತ್ತು ನೋಡಿದರೆ ಈ ಎಣಿಕೆ ದೊರೆಯುತ್ತದೆ.

ಈ ಎಣಿಕೆಯ ಮಹತ್ವವನ್ನು ಸಾರುವ ಆಧಾರಗಳು ಬಲವಾಗಿವೆ. ಒಂಬತ್ತು ಅಧ್ಯಯನಗಳಿಂದ 2,148 ತ್ರಿಗ್ರಾಹಕರಹಿತ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಶೆರೀನ್ ಲೋಯಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ದುಗ್ಧಕೋಶಗಳ ಪ್ರಮಾಣ ಶೇ. 10ರಷ್ಟು ಹೆಚ್ಚಿದಂತೆಲ್ಲ ಸಾವಿನ ಅಪಾಯ ಸುಮಾರು ಶೇ. 16ರಷ್ಟು ಕಡಿಮೆಯಿತ್ತು. ಶಸ್ತ್ರಕ್ರಿಯೆಗೆ ಮೊದಲೇ ಕೀಮೋಥೆರಪಿ ಪಡೆದವರ ಬಗ್ಗೆ ಕಾರ್ಸ್ಟನ್ ಡೆಂಕರ್ಟ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದುಗ್ಧಕೋಶಗಳು ವಿರಳವಾಗಿದ್ದ ತ್ರಿಗ್ರಾಹಕರಹಿತ ಗಂತಿಗಳ ಪೈಕಿ ಶೇ. 31ರಷ್ಟು, ದಟ್ಟವಾಗಿದ್ದವುಗಳ ಪೈಕಿ ಶೇ. 50ರಷ್ಟು ಗಂತಿಗಳು ಸಂಪೂರ್ಣವಾಗಿ ಕರಗಿದ್ದವು.

ಇವರೆಲ್ಲರೂ ಕೀಮೋಥೆರಪಿ ಪಡೆದವರಾದುದರಿಂದ, ದುಗ್ಧಕೋಶಗಳು ಔಷಧದ ಪರಿಣಾಮವನ್ನು ಮಾತ್ರ ಹೆಚ್ಚಿಸುತ್ತವೆಯೋ, ರೋಗದ ಸಹಜ ಗತಿಯನ್ನೇ ಬದಲಿಸುತ್ತವೆಯೋ ಎಂಬ ಸಂದೇಹ ಉಳಿದಿತ್ತು. ಕೀಮೋಥೆರಪಿ ಪಡೆಯದಿದ್ದ 1,966 ಆರಂಭಿಕ ಹಂತದ ರೋಗಿಗಳ ಮಾಹಿತಿಯನ್ನು 2024ರಲ್ಲಿ ಪ್ರಕಟಿಸಿದ ಅಂತಾರಾಷ್ಟ್ರೀಯ ತಂಡವೊಂದು ಇದಕ್ಕೆ ಉತ್ತರ ನೀಡಿತು. ಮೊದಲ ಹಂತದ ರೋಗವಿದ್ದವರಲ್ಲಿ, ದುಗ್ಧಕೋಶಗಳು ಶೇ. 50 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಐದು ವರ್ಷಗಳ ಕೊನೆಯಲ್ಲಿ ಶೇ. 94ರಷ್ಟು ಮಂದಿ ದೂರದ ಅಂಗಗಳಿಗೆ ರೋಗ ಹರಡದೆ ಬದುಕಿದ್ದರು, ಶೇ. 30ಕ್ಕಿಂತ ಕಡಿಮೆಯಿದ್ದಾಗ ಈ ಪ್ರಮಾಣ ಶೇ. 78 ಆಗಿತ್ತು. ಔಷಧವಿಲ್ಲದಿದ್ದಾಗಲೂ ರೋಗರಕ್ಷಣೆಯ ಬಲ ಎದ್ದುಕಂಡಿತು. ಎಣಿಕೆ ಹೆಚ್ಚಿರುವ ಸಣ್ಣ ಗಂತಿಗಳಿಗೆ ಮುಂದೆ ಕೀಮೋಥೆರಪಿಯನ್ನು ತಗ್ಗಿಸಬಹುದೇ ಎಂಬ ಪ್ರಶ್ನೆ ಇದರಿಂದ ಮೂಡಿದೆ. ಇದು ಇನ್ನೂ ಪ್ರಶ್ನೆಯೇ ಹೊರತು ಅನುಮತಿಯಲ್ಲ. ಕೇವಲ ಈ ಎಣಿಕೆಯನ್ನು ನಂಬಿ ಚಿಕಿತ್ಸೆಯನ್ನು ಕೈಬಿಡುವುದು ಅಪಾಯಕರ.

ಮುನ್ಸೂಚನೆ ಬೇರೆ, ಚಿಕಿತ್ಸಾಸೂಚನೆ ಬೇರೆ

ಸೂಚಕಗಳ ಬಗ್ಗೆ ಅತಿ ಹೆಚ್ಚು ಗೊಂದಲ ಹುಟ್ಟುವುದು ಎರಡು ಪ್ರಶ್ನೆಗಳನ್ನು ಒಂದೆಂದು ಭಾವಿಸಿದಾಗ. ಈ ರೋಗಿಯ ರೋಗ ಮುಂದೆ ಯಾವ ಗತಿ ಹಿಡಿಯಬಹುದು ಎಂಬುದು ಮೊದಲ ಪ್ರಶ್ನೆ. ಇದಕ್ಕೆ ಉತ್ತರಿಸುವುದು ಮುನ್ಸೂಚಕ. ಈ ನಿರ್ದಿಷ್ಟ ಔಷಧ ಈ ರೋಗಿಗೆ ಉಪಯೋಗವಾಗುವುದೇ ಎಂಬುದು ಎರಡನೆಯದು. ಇದಕ್ಕೆ ಉತ್ತರಿಸುವುದು ಚಿಕಿತ್ಸಾಸೂಚಕ. ಆಕಾಶದಲ್ಲಿ ಕವಿದ ಮೋಡ ಮಳೆಯ ಸೂಚನೆ ಕೊಡಬಹುದು. ಯಾವ ಹೊಲಕ್ಕೆ ಯಾವ ಬೀಜ ಒಗ್ಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಒಂದೇ ಪ್ರೋಟೀನು ಒಂದು ಸಂದರ್ಭದಲ್ಲಿ ಎರಡೂ ಕೆಲಸ ಮಾಡಬಹುದು, ಇನ್ನೊಂದರಲ್ಲಿ ಒಂದನ್ನೇ ಮಾಡಬಹುದು. ಪಿಡಿ-ಎಲ್1 ಇದಕ್ಕೆ ಉತ್ತಮ ನಿದರ್ಶನ.

ಅಗುಳಿಯನ್ನು ತೆಗೆಯುವ ಔಷಧಗಳು, ಅಂದರೆ ಪಿಡಿ-1 ಅಥವಾ ಪಿಡಿ-ಎಲ್1ಕ್ಕೆ ಅಂಟಿ ಅವುಗಳ ಸಂಪರ್ಕವನ್ನು ತಪ್ಪಿಸುವ ಪ್ರತಿಕಾಯಗಳು, ದೂರದ ಅಂಗಗಳಿಗೆ ಹರಡಿದ ತ್ರಿಗ್ರಾಹಕರಹಿತ ಕ್ಯಾನ್ಸರಿನಲ್ಲಿ ಮೊದಲು ಪರೀಕ್ಷೆಗೊಳಗಾದವು. ಕೀನೋಟ್-355 ಎಂಬ ಅಧ್ಯಯನದಲ್ಲಿ 847 ರೋಗಿಗಳಿಗೆ ಕೀಮೋಥೆರಪಿಯೊಡನೆ ಪೆಂಬ್ರೊಲಿಜುಮಾಬ್ ಅಥವಾ ಹುಸಿಮದ್ದು ನೀಡಲಾಯಿತು. ಪಿಡಿ-ಎಲ್1 ಅಂಕ 10 ಅಥವಾ ಹೆಚ್ಚಿದ್ದವರಲ್ಲಿ ಬದುಕುಳಿದ ಮಧ್ಯಮಾಂಕ ಅವಧಿ 16.1 ತಿಂಗಳಿನಿಂದ 23 ತಿಂಗಳಿಗೆ ಏರಿತೆಂದು 2022ರಲ್ಲಿ ವರದಿಯಾಯಿತು. ಅದಕ್ಕಿಂತ ಕಡಿಮೆ ಅಂಕದವರಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಇಲ್ಲಿ ಪಿಡಿ-ಎಲ್1 ನಿಜವಾದ ಚಿಕಿತ್ಸಾಸೂಚಕ. ಹೊರಗೆ ಯಾರೂ ನಿಂತಿಲ್ಲದಿದ್ದರೆ ಅಗುಳಿ ತೆಗೆದು ಫಲವಿಲ್ಲ ಎಂಬ ತರ್ಕಕ್ಕೂ ಇದು ಹೊಂದುತ್ತದೆ.

ಆದರೆ ರೋಗ ಇನ್ನೂ ಹರಡದಿರುವಾಗ ಚಿತ್ರ ಬದಲಾಗುತ್ತದೆ. ಕೀನೋಟ್-522 ಅಧ್ಯಯನದಲ್ಲಿ ಎರಡನೆಯ ಮತ್ತು ಮೂರನೆಯ ಹಂತದ 1,174 ರೋಗಿಗಳಿಗೆ ಶಸ್ತ್ರಕ್ರಿಯೆಗೆ ಮೊದಲು ಕೀಮೋಥೆರಪಿಯೊಡನೆ ಇದೇ ಔಷಧ ಅಥವಾ ಹುಸಿಮದ್ದನ್ನು ಕೊಟ್ಟು, ಶಸ್ತ್ರಕ್ರಿಯೆಯ ಅನಂತರವೂ ಮುಂದುವರಿಸಲಾಯಿತು. 2020ರಲ್ಲಿ ಪ್ರಕಟವಾದ ಮೊದಲ ಫಲಿತಾಂಶದಂತೆ, ಗಂತಿ ಸಂಪೂರ್ಣವಾಗಿ ಕರಗಿದವರ ಪ್ರಮಾಣ ಶೇ. 51.2ರಿಂದ ಶೇ. 64.8ಕ್ಕೆ ಏರಿತು. 2024ರ ವರದಿಯಲ್ಲಿ ಐದು ವರ್ಷ ಬದುಕುಳಿದವರ ಪ್ರಮಾಣ ಹುಸಿಮದ್ದಿನ ಗುಂಪಿನಲ್ಲಿ ಶೇ. 81.7, ಔಷಧ ಪಡೆದ ಗುಂಪಿನಲ್ಲಿ ಶೇ. 86.6. ಪಿಡಿ-ಎಲ್1 ಇದ್ದವರಲ್ಲಿ ಗಂತಿ ಕರಗಿದ ಪ್ರಮಾಣ ಶೇ. 54.9ರಿಂದ 68.9ಕ್ಕೂ, ಇಲ್ಲದವರಲ್ಲಿ ಶೇ. 30.3ರಿಂದ 45.3ಕ್ಕೂ ಹೆಚ್ಚಿತು. ಈ ನಾಲ್ಕು ಸಂಖ್ಯೆಗಳನ್ನು ನಿಧಾನವಾಗಿ ನೋಡಬೇಕು. ಪಿಡಿ-ಎಲ್1 ಇದ್ದವರ ಸ್ಥಿತಿ ಯಾವ ಚಿಕಿತ್ಸೆಯಲ್ಲಿಯೂ ಮೇಲಾಗಿತ್ತು. ಹೀಗಾಗಿ ಅದು ಮುನ್ಸೂಚಕ. ಆದರೆ ಔಷಧದಿಂದ ದೊರೆತ ಹೆಚ್ಚುವರಿ ಲಾಭ ಎರಡೂ ಗುಂಪುಗಳಲ್ಲಿ ಬಹುತೇಕ ಸಮಾನ. ಹೀಗಾಗಿ ಅದು ಇಲ್ಲಿ ಚಿಕಿತ್ಸಾಸೂಚಕವಲ್ಲ. ಆರಂಭಿಕ ರೋಗದಲ್ಲಿ ‘ನಿಮಗೆ ಪಿಡಿ-ಎಲ್1 ಇಲ್ಲ, ಆದ್ದರಿಂದ ಈ ಔಷಧ ಉಪಯೋಗಕ್ಕೆ ಬಾರದು’ ಎಂದು ತೀರ್ಮಾನಿಸಿದರೆ ಲಾಭ ಪಡೆಯಬಹುದಾಗಿದ್ದ ಮಹಿಳೆಯೊಬ್ಬಳನ್ನು ಅದರಿಂದ ವಂಚಿಸಿದಂತಾಗುತ್ತದೆ.

ಹೊಸದಾಗಿ ಹುಟ್ಟಿದ ಗಂತಿಯ ಸುತ್ತ ರಕ್ಷಣಾ ಕೋಶಗಳು ಇನ್ನೂ ದಣಿದಿರುವುದಿಲ್ಲ. ಕೀಮೋಥೆರಪಿಯಿಂದ ಒಡೆದ ಕೋಶಗಳು ಅವುಗಳನ್ನು ಮತ್ತಷ್ಟು ಎಚ್ಚರಿಸುತ್ತವೆ. ಹರಡಿ ಹಳೆಯದಾದ ರೋಗದಲ್ಲಿ ಈ ಅನುಕೂಲ ಕಡಿಮೆ. ಎರಡು ಹಂತಗಳ ನಡುವಣ ವ್ಯತ್ಯಾಸಕ್ಕೆ ತಜ್ಞರು ಮುಂದಿಡುವ ಕಾರಣಗಳಲ್ಲಿ ಇದೂ ಒಂದು.

ಅಳತೆಯ ತೊಡಕುಗಳು

ಪಿಡಿ-ಎಲ್1ನ್ನು ಅಳೆಯುವುದು ರಕ್ತದಲ್ಲಿನ ಸಕ್ಕರೆಯನ್ನು ಅಳೆದಂತಲ್ಲ. ಅಂಗಾಂಶದ ತೆಳುವಾದ ಪದರದ ಮೇಲೆ, ಆ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನು ಹಾಕಿ, ಬಣ್ಣ ಬಂದ ಕೋಶಗಳನ್ನು ಕಣ್ಣಿನಿಂದ ಅಂದಾಜು ಮಾಡಬೇಕು. ಬೇರೆ ಬೇರೆ ಔಷಧಗಳ ತಯಾರಕರು ಬೇರೆ ಬೇರೆ ಪ್ರತಿಕಾಯಗಳನ್ನೂ ಬೇರೆ ಬೇರೆ ಎಣಿಕೆಗಳನ್ನೂ ಬಳಸಿದ್ದಾರೆ. ಒಂದು ವಿಧಾನ ರಕ್ಷಣಾ ಕೋಶಗಳು ಆವರಿಸಿದ ಭಾಗವನ್ನಷ್ಟೇ ನೋಡುತ್ತದೆ. ಇನ್ನೊಂದು ವಿಧಾನ ಬಣ್ಣ ಬಂದ ಕ್ಯಾನ್ಸರ್ ಕೋಶ, ದುಗ್ಧಕೋಶ ಮತ್ತು ಬೃಹತ್‌ಭಕ್ಷಕ ಕೋಶಗಳೆಲ್ಲವನ್ನೂ ಕೂಡಿಸಿ, ಜೀವಂತ ಕ್ಯಾನ್ಸರ್ ಕೋಶಗಳ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸುತ್ತದೆ. ಕೀನೋಟ್-355ರಲ್ಲಿ ಹೇಳಿದ 10 ಎಂಬ ಅಂಕ ಈ ಎರಡನೆಯ ಬಗೆಯದು.

ಇಂಪ್ಯಾಶನ್130 ಎಂಬ ಅಧ್ಯಯನದ 614 ರೋಗಿಗಳ ಅಂಗಾಂಶಗಳನ್ನು ಮೂರು ವಿಧಾನಗಳಿಂದ ಪರೀಕ್ಷಿಸಿದಾಗ, ಎಸ್‌ಪಿ142 ಎಂಬ ಪ್ರತಿಕಾಯ ಶೇ. 46ರಷ್ಟು ಮಂದಿಯನ್ನು, ಎಸ್‌ಪಿ263 ಶೇ. 75ರಷ್ಟನ್ನು, 22ಸಿ3 ಶೇ. 81ರಷ್ಟನ್ನು ‘ಪಾಸಿಟಿವ್’ ಎಂದು ತೋರಿಸಿದವು. ಗಂತಿ ಅದೇ, ರೋಗಿ ಅವರೇ. ಉತ್ತರ ಮಾತ್ರ ಬೇರೆ. ಇದಲ್ಲದೆ ಸ್ತನದಲ್ಲಿರುವ ಮೂಲ ಗಂತಿಗೂ ಯಕೃತ್ತಿಗೆ ಹರಡಿದ ಗಂತಿಗೂ ಫಲಿತಾಂಶ ಹೊಂದದಿರಬಹುದು. ಒಂದೇ ಗಂತಿಯ ಎರಡು ಮೂಲೆಗಳೂ ಭಿನ್ನವಾಗಿರಬಹುದು. ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಸರಿಯಾದ ಅವಧಿಯವರೆಗೆ ಇಡದಿದ್ದರೆ, ಹಳೆಯ ಮೇಣದ ಅಚ್ಚಿನಿಂದ ಪದರ ಕತ್ತರಿಸಿದರೆ ಬಣ್ಣ ಕುಂದಬಹುದು. ಆದ್ದರಿಂದ ಯಾವ ಪ್ರತಿಕಾಯ, ಯಾವ ಎಣಿಕೆ, ಯಾವ ಅಂಗದ ಅಂಗಾಂಶ ಎಂಬ ಮೂರು ವಿವರಗಳಿಲ್ಲದ ಪಿಡಿ-ಎಲ್1 ವರದಿ ಅಪೂರ್ಣ.

ಸೂಚಕ ಸರಿಯಾಗಿದ್ದರೂ ಔಷಧದ ನಿರ್ಣಯ ಬದಲಾಗಬಹುದೆಂಬುದಕ್ಕೆ ಇದೇ ಸಂಶೋಧನೆಯ ಚರಿತ್ರೆ ಸಾಕ್ಷಿ. ಇಂಪ್ಯಾಶನ್130ರಲ್ಲಿ ಪಿಡಿ-ಎಲ್1 ಇದ್ದವರಲ್ಲಿ ಅಟೆಜೊಲಿಜುಮಾಬ್ ಔಷಧವು ರೋಗ ಉಲ್ಬಣಿಸದ ಅವಧಿಯನ್ನು 5 ತಿಂಗಳಿನಿಂದ 7.5 ತಿಂಗಳಿಗೆ ಹೆಚ್ಚಿಸಿದುದರಿಂದ ಅಮೆರಿಕದಲ್ಲಿ 2019ರಲ್ಲಿ ಅದಕ್ಕೆ ತ್ವರಿತ ಅನುಮತಿ ದೊರೆಯಿತು. ಜೊತೆಯ ಕೀಮೋಥೆರಪಿಯನ್ನು ಬದಲಿಸಿ ನಡೆಸಿದ ಇಂಪ್ಯಾಶನ್131ರಲ್ಲಿ ಆ ಲಾಭ ಕಾಣಲಿಲ್ಲ. 2021ರಲ್ಲಿ ತಯಾರಕ ಸಂಸ್ಥೆಯು ಆ ದೇಶದಲ್ಲಿ ಈ ರೋಗಕ್ಕಾಗಿ ಪಡೆದಿದ್ದ ಅನುಮತಿಯನ್ನು ಹಿಂದಕ್ಕೆ ಪಡೆಯಿತು.

ಲಾಭ, ಹಾನಿ, ವೆಚ್ಚ

ಕಡಿವಾಣ ತೆಗೆದ ಕುದುರೆ ಎಲ್ಲಿ ಬೇಕಾದರೂ ಓಡಬಲ್ಲದು. ತಡೆ ತೆಗೆದ ಟಿ-ಕೋಶಗಳು ಥೈರಾಯ್ಡ್, ಅಡ್ರಿನಲ್, ಕರುಳು, ಯಕೃತ್ತು, ಶ್ವಾಸಕೋಶಗಳ ಮೇಲೂ ಎರಗಬಹುದು. ಕೀನೋಟ್-522ರಲ್ಲಿ ಇಂಥ ದುಷ್ಪರಿಣಾಮಗಳು ಔಷಧ ಪಡೆದ ಮೂವರಲ್ಲಿ ಒಬ್ಬರಲ್ಲಿ ಕಂಡುಬಂದವು. ತೀವ್ರ ಸ್ವರೂಪದವು ಶೇ. 12.9ರಷ್ಟು ಮಂದಿಯಲ್ಲಿದ್ದವು. ಗ್ರಂಥಿಗಳಿಗೆ ಆದ ಹಾನಿ ಕೆಲವರಲ್ಲಿ ಶಾಶ್ವತವಾಗಿದ್ದು, ಜೀವನಪೂರ್ತಿ ಹಾರ್ಮೋನು ಮಾತ್ರೆಗಳನ್ನು ಸೇವಿಸಬೇಕಾಗುತ್ತದೆ. ಇನ್ನೊಂದೆಡೆ, ಶಸ್ತ್ರಕ್ರಿಯೆಯ ವೇಳೆಗೆ ಗಂತಿ ಸಂಪೂರ್ಣ ಕರಗಿದವರಲ್ಲಿ ಮೂರು ವರ್ಷಗಳ ಕೊನೆಗೆ ಅನಾಹುತವಿಲ್ಲದೆ ಉಳಿದವರು ಔಷಧದ ಗುಂಪಿನಲ್ಲಿ ಶೇ. 94.4, ಹುಸಿಮದ್ದಿನ ಗುಂಪಿನಲ್ಲಿ ಶೇ. 92.5. ಹಾಗೆ ಕರಗದವರಲ್ಲಿ ಈ ಪ್ರಮಾಣಗಳು ಕ್ರಮವಾಗಿ ಶೇ. 67.4 ಮತ್ತು 56.8. ಕೀಮೋಥೆರಪಿಯಿಂದಲೇ ಗುಣ ಹೊಂದಬಲ್ಲವರನ್ನು ಮೊದಲೇ ಗುರುತಿಸುವ ಸೂಚಕ ದೊರೆತರೆ ಅವರನ್ನು ಅನಗತ್ಯ ಹಾನಿಯಿಂದಲೂ ವೆಚ್ಚದಿಂದಲೂ ಪಾರುಮಾಡಬಹುದು. ಮುಂದಿನ ಸಂಶೋಧನೆಯ ಮುಖ್ಯ ಸವಾಲು ಇದೇ.

ವೆಚ್ಚದ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಅಡಿಟಿಪ್ಪಣಿಗೆ ತಳ್ಳುವಂತಿಲ್ಲ. ಈ ಔಷಧಗಳ ಪೂರ್ಣ ಪ್ರಮಾಣದ ಚಿಕಿತ್ಸೆ ಬಹುಪಾಲು ಕುಟುಂಬಗಳಿಗೆ ನಿಲುಕದ್ದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಸಂಶೋಧಕರು ತಲೆ ಮತ್ತು ಕತ್ತಿನ ಮುಂದುವರಿದ ಕ್ಯಾನ್ಸರಿನಲ್ಲಿ ನಿವೊಲುಮಾಬ್ ಎಂಬ ಇದೇ ವರ್ಗದ ಔಷಧವನ್ನು ಮೂರು ವಾರಗಳಿಗೊಮ್ಮೆ ಕೇವಲ 20 ಮಿಲಿಗ್ರಾಮಿನಷ್ಟು, ಅಂದರೆ ರೂಢಿಯ ಪ್ರಮಾಣದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ, ಇತರ ಮಾತ್ರೆಗಳೊಡನೆ ನೀಡಿದರು. ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ. 16.3ರಿಂದ 43.4ಕ್ಕೆ ಏರಿತೆಂದು ಅವರು ವರದಿ ಮಾಡಿದ್ದಾರೆ. ಇದು ಬೇರೆ ಅಂಗದ ಕ್ಯಾನ್ಸರಾದ ಕಾರಣ ಸ್ತನಕ್ಕೆ ನೇರವಾಗಿ ಅನ್ವಯಿಸಲಾಗದು. ಆದರೆ ನಮ್ಮ ಪ್ರಶ್ನೆಗಳನ್ನು ನಾವೇ ಕೇಳಿ, ನಮ್ಮ ರೋಗಿಗಳಲ್ಲಿಯೇ ಉತ್ತರ ಹುಡುಕಬೇಕೆಂಬುದಕ್ಕೆ ಇದು ಮಾದರಿ.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಮಾತುಗಳನ್ನು ಖಚಿತವಾಗಿ ಹೇಳಬಹುದು. ತ್ರಿಗ್ರಾಹಕರಹಿತ ಸ್ತನ ಕ್ಯಾನ್ಸರ್ ಉಗ್ರವಾದುದಾದರೂ ರೋಗರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬೀಳದ ರೋಗವಲ್ಲ. ಗಂತಿಯೊಳಗಿನ ದುಗ್ಧಕೋಶಗಳ ದಟ್ಟಣೆ ರೋಗದ ಮುಂದಿನ ಗತಿಯನ್ನು ಸೂಚಿಸುವ ವಿಶ್ವಾಸಾರ್ಹ ಸೂಚಕ; ಹೆಚ್ಚು ಖರ್ಚಿಲ್ಲದ ಈ ಎಣಿಕೆಯನ್ನು ಜಿಲ್ಲಾ ಮಟ್ಟದ ಪ್ರಯೋಗಾಲಯಗಳಲ್ಲಿಯೂ ತರಬೇತಿಯ ಮೂಲಕ ರೂಢಿಗೆ ತರಲು ಸಾಧ್ಯವಿದೆ. ಪಿಡಿ-ಎಲ್1 ಹರಡಿದ ರೋಗದಲ್ಲಿ ಔಷಧದ ಆಯ್ಕೆಗೆ ನೆರವಾಗುತ್ತದೆ. ಆರಂಭಿಕ ರೋಗದಲ್ಲಿ ಆ ಕಾರಣಕ್ಕಾಗಿ ಅದನ್ನು ಅವಲಂಬಿಸುವಂತಿಲ್ಲ. ಯಾವ ಸೂಚಕವೂ ಗಂತಿಯ ಗಾತ್ರ, ಕಂಕುಳಿನ ದುಗ್ಧಗ್ರಂಥಿಗಳ ಸ್ಥಿತಿ, ರೋಗಿಯ ಆರೋಗ್ಯ ಇವುಗಳನ್ನು ಬದಿಗೊತ್ತಿ ಒಂಟಿಯಾಗಿ ತೀರ್ಪು ಕೊಡಲಾರದು.

ಶೇಕಡಾವಾರು ಸಂಖ್ಯೆಗಳು ಸಾವಿರಾರು ಮಂದಿಯ ಅನುಭವದ ಸಾರಾಂಶ. ಅವು ಯಾರೊಬ್ಬರ ಹಣೆಬರಹವೂ ಅಲ್ಲ. ದುಗ್ಧಕೋಶಗಳು ವಿರಳವಾಗಿದ್ದ ಮೊದಲ ಹಂತದ ರೋಗಿಗಳಲ್ಲಿಯೂ, ಕೀಮೋಥೆರಪಿಯನ್ನೇ ಪಡೆಯದೆ, ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿ ಐದು ವರ್ಷಗಳನ್ನು ರೋಗ ಹರಡದೆ ಕಳೆದರೆಂಬುದನ್ನು ಮರೆಯಬಾರದು. ವರದಿ ಹಿಡಿದು ಬಂದ ಮಹಿಳೆ ‘ಇದು ಒಳ್ಳೆಯದೋ, ಕೆಟ್ಟದ್ದೋ’ ಎಂದು ಕೇಳಿದಾಗ, ಅವಳ ರೋಗ ಯಾವ ಹಂತದಲ್ಲಿದೆ, ಪರೀಕ್ಷೆ ಯಾವ ವಿಧಾನದ್ದು, ಅದರಿಂದ ಅವಳ ಚಿಕಿತ್ಸೆಯಲ್ಲಿ ನಿಜಕ್ಕೂ ಏನು ಬದಲಾಗುತ್ತದೆ ಎಂಬ ಮೂರು ಸಂಗತಿಗಳನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ವಿವರಿಸುವುದು ವೈದ್ಯರ ಕರ್ತವ್ಯ. ಅಷ್ಟನ್ನು ಕೇಳಿ ತಿಳಿಯುವುದು ಅವಳ ಹಕ್ಕು. ಅದನ್ನು ಹೇಳಲು ಬೇಕಾದ ಮಾತುಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವ ಹೊಣೆ ವಿಜ್ಞಾನ ಬರಹಗಾರರಾದ ನಮ್ಮದು.